ಘಾನಾಕ್ಕೆ ಹೋದ ನನ್ನ ಸೂಟ್‌ಕೇಸ್

ಪ್ರವಾಸದ ವ್ಯವಸ್ಥೆ ಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಬಹಳ ಕಾಲ ನಂಬಿದ್ದೆ. ನನ್ನ ಹೆಂಡತಿ ವಸುಧಾ ನಂಬಿರಲಿಲ್ಲ. ಆದರೆ ಆ ಚಳಿಗಾಲದಲ್ಲಿ ಅವಳಿಗೆ ವಾದ ಮಾಡುವಷ್ಟು ಉತ್ಸಾಹವೂ ಉಳಿದಿರಲಿಲ್ಲ.

ನಾವಿರುವುದು ನೆದರ್‌ಲೆಂಡ್ಸ್‌ನ ಜೂಟರ್‌ಮೀರ್‌ನಲ್ಲಿ. ನನಗೆ ಆಫೀಸಿತ್ತು, ಅವಳ ಕೆಲಸ ಹೋಗಿತ್ತು. ಅಕ್ಟೋಬರ್‌ನಲ್ಲಿ ಕವಿದ ಮೋಡ ಕವಿದೇ ಇತ್ತು. ಧಾರವಾಡದಲ್ಲಿ ಇಡೀ ಓಣಿಗೆ ಕೇಳುವಂತೆ ನಗುತ್ತಿದ್ದವಳು, ಇಲ್ಲಿ ಸೋಫಾದ ಮೂಲೆಯಲ್ಲಿ ಕೂತು ಸುಮ್ಮನೆ ಟ್ರಾಮ್ ನೋಡುತ್ತಿದ್ದಳು. ಯಾವ ಕಾಯಿಲೆಗೂ ಪ್ಯಾರಾಸಿಟಮಾಲ್ ಎನ್ನುವ ನಮ್ಮ ಡಾಕ್ಟರೂ ಈ ಸಲ ಬೇರೆ ಮಾತಾಡಿದರು: "ಎಲ್ಲಾದರೂ ಬಿಸಿಲಿಗೆ ಹೋಗಿ ಬನ್ನಿ."

ಬಿಸಿಲಿನ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ!

ನನ್ನ ಸಹೋದ್ಯೋಗಿ ಸೆಲೋಮ್ ಘಾನಾದ ವೋಲ್ಟಾ ಪ್ರಾಂತ್ಯದವನು. ಕಾಫಿ ಮೆಷಿನ್ ಪಕ್ಕ ನಿಂತು ಊರನ್ನು ವರ್ಣಿಸುತ್ತಿದ್ದ. ಕಾಡಿನ ನಡುವೆ ಧುಮುಕುವ ವ್ಲಿ ಜಲಪಾತ, ಅದರ ಬಂಡೆಗೆ ಜೋತುಬಿದ್ದ ಬಾವಲಿಗಳ ಹಿಂಡು, ಕೈಯಿಂದಲೇ ಬಾಳೆಹಣ್ಣು ಕಿತ್ತುಕೊಳ್ಳುವ ಟಾಫಿ ಅಟೋಮೆಯ ಕೋತಿಗಳು, ಬಣ್ಣಬಣ್ಣದ ಕೆಂಟೆ ಬಟ್ಟೆ ನೇಯುವ ಹಳ್ಳಿ. "ನಮ್ಮಕ್ಕ ಡೆಲಾ ಅಲ್ಲೇ ಇದ್ದಾಳೆ. ಅವಳ ಮನೆಯಲ್ಲೇ ಉಳಿಯಿರಿ," ಎಂದ.

ವೀಸಾ, ಚುಚ್ಚುಮದ್ದು, ಟಿಕೆಟ್ ಎಲ್ಲ ನಾನೇ ಮಾಡಿದೆ. ಜೋಡಿಯಾಗಿ ಚೆನ್ನಾಗಿ ಕಾಣಲಿ ಎಂದು ಒಂದೇ ಬಣ್ಣದ ಎರಡು ಸೂಟ್‌ಕೇಸ್ ಕೂಡ ತಂದೆ.

"ಪಾಸ್‌ಪೋರ್ಟ್ ತಗೊಂಡೀರೇನ್ರಿ?" ಹೊರಡುವಾಗ ವಸುಧಾ ಕೇಳಿದಳು.

"ಜೇಬಲ್ಲೇ ಇದೆ."

"ಒಮ್ಮೆ ತೆಗದು ನೋಡ್ರಿ."

"ನನ್ನ ಮೇಲೆ ಸ್ವಲ್ಪ ಭರವಸೆ ಇಡು!"

ಸ್ಕಿಪೋಲ್ ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗಿ ಪಾಸ್‌ಪೋರ್ಟ್ ನೋಡಿದಳು. ನನ್ನನ್ನು ನೋಡಿದಳು.

"ಸರ್, ಇದರ ಮೂಲೆ ಕತ್ತರಿಸಿದೆಯಲ್ಲ?"

"ಇಲಿ ಇರಬೇಕು," ಎಂದೆ.

"ಸರ್, ಇದು ರದ್ದಾದ ಹಳೇ ಪಾಸ್‌ಪೋರ್ಟ್."

ವೀಸಾ ಇದ್ದ ಹೊಸದು ಮನೆಯ ಡ್ರಾಯರಿನಲ್ಲಿ ಅತ್ಯಂತ ಸುರಕ್ಷಿತವಾಗಿತ್ತು!

ಅದನ್ನು ತರಲು ವಸುಧಾಳನ್ನು ಅಲ್ಲೇ ಬಿಟ್ಟು, ನನ್ನ ಸೂಟ್‌ಕೇಸ್ ಎಳೆದುಕೊಂಡು ರೈಲಿಗೆ ಓಡಿದೆ. ರೈಲು ರದ್ದಾಗಿತ್ತು. ಟ್ಯಾಕ್ಸಿ ಹಿಡಿದೆ. ಹೆದ್ದಾರಿಯಲ್ಲಿ ಅದು ನಿಂತೇಬಿಟ್ಟಿತು. ಅಷ್ಟರಲ್ಲಿ ವಸುಧಾಳ ಫೋನ್.

"ಗೇಟ್ ಮುಚ್ಚತಾರಂತ. ನಾನೂ ಹೊಳ್ಳಿ ಬರ್ಲೇನು?"

ತ್ಯಾಗ ಮಾಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಕ್ಕೀತೇ? "ಬೇಡ, ನೀನು ಹೋಗು. ಡೆಲಾ ಇರುತ್ತಾರಲ್ಲ. ನಾನು ನಾಳೆ ಬರುತ್ತೇನೆ," ಎಂದೆ. ನಿಮ್ಮನ್ನು ಬಿಟ್ಟು ಹೆಂಗ ಹೋಗ್ಲಿ ಎಂಬ ಮಾತಿಗಾಗಿ ಕಾದೆ.

"ಆತು," ಎಂದಳು. ಅಷ್ಟೇ!

ನಾಳೆಯ ವಿಮಾನದಲ್ಲಿ ಸೀಟಿರಲಿಲ್ಲ. ನನ್ನ ರಜೆ ಮುಗಿಯುವವರೆಗೂ ಇರಲಿಲ್ಲ. ಮನೆಗೆ ಬಂದು ಸೂಟ್‌ಕೇಸ್ ತೆರೆದರೆ ಅದರಲ್ಲಿ ಅವಳ ಹತ್ತಿಯ ಕುರ್ತಾಗಳು! ನನ್ನ ಬನಿಯನ್, ಲುಂಗಿ, ಗ್ಯಾಸ್ಟ್ರಿಕ್ ಮಾತ್ರೆಗಳು ಆಫ್ರಿಕಾದ ಕಡೆ ಹಾರುತ್ತಿದ್ದವು.

ಆಮೇಲೆ ಫೋಟೋಗಳು ಬರತೊಡಗಿದವು. ನನ್ನ ಆಫೀಸ್ ಶರ್ಟ್ ತೊಟ್ಟು ವ್ಲಿ ಜಲಪಾತದ ಕೆಳಗೆ ತೊಯ್ದು ತೊಪ್ಪೆಯಾಗಿ ನಿಂತ ವಸುಧಾ. ನೇಕಾರರ ಮಗ್ಗದಲ್ಲಿ ಕೂತು ದಾರ ಸಿಕ್ಕುಮಾಡಿಕೊಂಡ ವಸುಧಾ. ತೋಳ ಮೇಲೆ ಕೋತಿ ಕೂರಿಸಿಕೊಂಡು ಬಾಯ್ತುಂಬ ನಗುತ್ತಿರುವ ವಸುಧಾ.

ನಾನು ಅಡುಗೆಮನೆಯಲ್ಲಿ ನಿಂತು ಮೊಸರನ್ನ ತಿನ್ನುತ್ತ ಆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಅವಳು ಹಾಗೆ ನಕ್ಕಿದ್ದನ್ನು ಕೊನೆಯ ಸಲ ಯಾವಾಗ ನೋಡಿದ್ದೆನೋ ನೆನಪಾಗಲಿಲ್ಲ. ನಾನು ಇಷ್ಟೆಲ್ಲ ಒದ್ದಾಡಿ ತರಿಸಲಾಗದ ನಗುವನ್ನು ಕೋತಿ ಒಂದು ಬಾಳೆಹಣ್ಣಿಗೆ ತರಿಸಿತ್ತು! ಹೊರಗೆ ಮಳೆ. ಅವಳು ಕೂರುತ್ತಿದ್ದ ಮೂಲೆಯಲ್ಲಿ ಈಗ ನಾನು ಕೂತು ಟ್ರಾಮ್ ನೋಡಿದೆ.

ವಾಪಸ್ ಬಂದವಳನ್ನು ಕರೆತರಲು ಹೋದೆ. ರೈಲಿನಲ್ಲಿ ಎದುರು ಕೂತ ಡಚ್ ಅಜ್ಜಿಗೆ ವಸುಧಾ ಬಾವಲಿಗಳ ಕಥೆಯನ್ನು ಕೈಬೀಸಿ ಹೇಳುತ್ತಿದ್ದಳು.

"ನಿಮ್ಮ ಯಜಮಾನರಿಗೂ ಇಷ್ಟವಾಯಿತೇ?" ಅಜ್ಜಿ ಇಂಗ್ಲಿಷಿನಲ್ಲಿ ಕೇಳಿತು.

"ಇವರು ಬಂದಿರಲಿಲ್ಲ. ಅದಕ್ಕೇ ಎಲ್ಲ ನೋಡಲು ಸಾಧ್ಯವಾಯಿತು," ಎಂದಳು ವಸುಧಾ. ಆಮೇಲೆ ನನ್ನತ್ತ ಬಾಗಿ, ಮೆಲ್ಲಗೆ, "ತಪ್ಪ ತಿಳೀಬ್ಯಾಡ್ರಿ," ಎಂದಳು.

"ಛೇ, ಛೇ," ಎಂದೆ.

ಅಜ್ಜಿ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಚೀಲದಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ನನ್ನ ಕೈಗಿಟ್ಟಿತು. ಬಿದ್ದು ಮೊಣಕಾಲು ತರಚಿಕೊಂಡ ಮಕ್ಕಳಿಗೆ ಕೊಡುತ್ತಾರಲ್ಲ, ಹಾಗೆ.

ಬಾಯಿಗೆ ಹಾಕಿಕೊಂಡೆ!