ಬೀಳದ ಲಿನಕ್ಸ್ ಬೇಕಾಗಿದೆ

ಕೆಲವರಿಗೆ ನೆಂಟರ ಕಾಟ, ಕೆಲವರಿಗೆ ಮೊಣಕಾಲಿನ ಕಾಟ. ನನಗೆ ಇಲಾಖೆ ಕೊಟ್ಟ ಹಳೆಯ ಲ್ಯಾಪ್‌ಟಾಪಿನ ಕಾಟ. ಅದರಿಂದ ಒಂದಲ್ಲ ಒಂದು ತೊಂದರೆ ಆಗುತ್ತಲೇ ಇತ್ತು. ರೇಷ್ಮೆ ಬೆಳೆಗಾರರಿಗೆ ಪಾಠ ಹೇಳುವುದು ನನ್ನ ಕೆಲಸ, ಪಾಠದ ನಡುವೆ ಗರಬಡಿದಂತೆ ನಿಂತುಬಿಡುವುದು ಅದರ ಕೆಲಸ. ಬೇರೆ ಇಲಾಖೆಯಿಂದ ಬಂದ ಹೊಸ ಸಾಹೇಬರು, "ಹುತ್ತೂರಿನ ಪಾಠಕ್ಕೆ ನಾನೇ ಬರ್ತೀನಿ. ಅಲ್ಲೂ ಇದು ನಿಂತ್ರೆ ನಿಮ್ಮನ್ನ ಗೋದಾಮಿಗೆ ಹಾಕ್ತೀನಿ" ಎಂದುಬಿಟ್ಟರು. ಪಾಠ ಹೇಳುವುದೊಂದೇ ನನಗಿದ್ದ ಖುಷಿ. ನಿಜಕ್ಕೂ ಹೆದರಿದೆ.

ಬಂಡೆಯಂಥದ್ದು

ಲಿನಕ್ಸ್ ಎಂಬ ತಂತ್ರಾಂಶ ಹಾಕಿದರೆ ಲ್ಯಾಪ್‌ಟಾಪು ನಿಲ್ಲುವುದಿಲ್ಲ ಎಂದು ಕಚೇರಿಯಲ್ಲಿ ಯಾರೋ ಹೇಳಿದರು. ಅದರಲ್ಲೂ ನೂರೆಂಟು ಬಗೆ! ಕೋಲಾರದ ಭಾವಮೈದ, "ಹೊಸದು ಹಾಕು ಭಾವ" ಎಂದ. ಹಾಕಿದೆ. ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗಿತು, ಪರದೆ ಕಪ್ಪಾಯಿತು. ಮಾಲೂರಿನ ಕಂಪ್ಯೂಟರ್ ಮೇಷ್ಟ್ರು, "ಹಳೇದು ಹಾಕ್ಕೊಳ್ಳಿ, ಬಂಡೆ ಇದ್ದಂಗಿರುತ್ತೆ. ನಮ್ಮನೇಲಿ ಒಂದು ದಿನಾನೂ ಕೈಕೊಟ್ಟಿಲ್ಲ" ಎಂದು ಸಿ.ಡಿ. ಕೊಟ್ಟರು. ಅದು ಮೌಸನ್ನೇ ಗುರುತಿಸಲಿಲ್ಲ. ಫೋನಿನಲ್ಲಿ ರೇಗಿದೆ. "ನಿಮ್ಮನೇಲಿ ಹೇಗ್ರೀ ಕೈಕೊಡ್ಲಿಲ್ಲ?"

"ನಮ್ಮನೇಲಿ ಕರೆಂಟೆಲ್ಲಿರುತ್ತೆ ಕಣಪ್ಪ?" ಎಂದರು.

ಕುರುಡುಮಲೆಯಲ್ಲಿ

ಮುಳಬಾಗಿಲಿನ ನಮ್ಮತ್ತೆ, "ಗಣಪತಿಗೆ ತೋರಿಸ್ದೆ ಏನೇನೋ ಹಾಕಿದ್ರೆ ಇನ್ನೇನಾಗುತ್ತೆ?" ಎಂದು ಕುರುಡುಮಲೆಗೆ ಹೊರಡಿಸಿದರು. ಅರ್ಚಕರು ಸ್ಕೂಟರಿಗೆ ಮಾಡುವ ಪೂಜೆಯನ್ನೇ ಮಾಡಿದರು. ಕುಂಕುಮ, ಹಾರ, ಕೆಳಗೆ ನಿಂಬೆಹಣ್ಣು. ಆಮೇಲೆ, "ಹೂಂ, ಮುಂದಕ್ಕೆ ಹತ್ತಿಸಿ" ಎಂದರು.

"ಸ್ವಾಮಿ, ಇದಕ್ಕೆ ಚಕ್ರ ಇಲ್ಲ."

ಅರ್ಚಕರು ಸಿಡುಕಿದರು. "ಚಕ್ರಾನೇ ಇಲ್ದಿರೋದನ್ನ ತಂದು, ಹೋಗ್ತಿಲ್ಲ ಅಂದ್ರೆ ದೇವರೇನ್ರೀ ಮಾಡ್ತಾನೆ?"

ಹುತ್ತೂರಿನಲ್ಲಿ

ಕೊನೆಗೆ ಭಾವಮೈದನದೂ ಬೇಡ, ಮೇಷ್ಟ್ರದೂ ಬೇಡವೆಂದು ಮೂರನೆಯದೊಂದು ಲಿನಕ್ಸ್ ಹಾಕಿದೆ. ಒಂದು ವಾರ ಕಮಕ್ ಕಿಮಕ್ ಎನ್ನಲಿಲ್ಲ. ಹುತ್ತೂರಿಗೆ ಧೈರ್ಯವಾಗಿಯೇ ಹೋದೆ.

ಸಮುದಾಯ ಭವನದ ತುಂಬ ಬೆಳೆಗಾರರು, ಮುಂದಿನ ಕುರ್ಚಿಯಲ್ಲಿ ಸಾಹೇಬರು. ರೇಷ್ಮೆಹುಳುಗಳು ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದು ನಿಲ್ಲಿಸಿ, ತಲೆಯೆತ್ತಿ, ಒಂದು ದಿನ ಅಲ್ಲಾಡದೆ ಕೂರುತ್ತವೆ. ಇದಕ್ಕೆ ಜ್ವರಕ್ಕೆ ಕೂರುವುದು ಎನ್ನುತ್ತಾರೆ. ಆಗ ಅವನ್ನು ಮುಟ್ಟುವಂತಿಲ್ಲ. ಇಷ್ಟು ಹೇಳಿ, ಹುಳುಗಳು ಸೊಪ್ಪು ಮೇಯುವ ವಿಡಿಯೋ ಹಾಕಿದೆ. ಚೆನ್ನಾಗಿ ಮೇಯುತ್ತಿದ್ದ ಹುಳುಗಳು ಇದ್ದಕ್ಕಿದ್ದಂತೆ ಎಲ್ಲಿದ್ದವೋ ಅಲ್ಲೇ ನಿಂತವು. ಹಾಳು ಲ್ಯಾಪ್‌ಟಾಪು ನಿಂತಿತ್ತು! ಯಾವ ಲಿನಕ್ಸಾದರೇನು, ಹಣೆಬರಹ ತಪ್ಪುತ್ತದೆಯೇ? ಗೋದಾಮು ಕಣ್ಣಮುಂದೆ ಬಂತು. ಬಟನ್ನಿಗೆ ಕೈ ಚಾಚಿದೆ.

"ದೇವುಡಾ! ಮುಟ್ಬೇಡಿ ಸಾರ್, ಜ್ವರಕ್ಕೆ ಕೂತವೆ!" ಎಂದು ಮುಂದಿದ್ದ ಹೆಂಗಸು ಕೂಗಿದರು. ಇಡೀ ಭವನ ಗಪ್‌ಚಿಪ್ಪಾಯಿತು.

ಸಾಹೇಬರು ಪಿಸುಗುಟ್ಟಿದರು. "ಯಾವಾಗ ಏಳ್ತವಮ್ಮ?"

"ನಾಳೆ ಇಷ್ಟೊತ್ತಿಗೆ, ಸಾರ್."

ಸಾಹೇಬರು ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ನನ್ನ ಹತ್ತಿರ ಬಂದು ಕಿವಿಯಲ್ಲಿ ಹೇಳಿದರು:

"ಭೇಷ್ ಕಣ್ರೀ, ನೀವು ಹೇಳ್ದ ಹಾಗೇ ಕೂತ್ಬಿಟ್ವು! ನಾಳೆ ಎದ್ದ ಮೇಲೆ ಉಳಿದ ಪಾಠ ಮಾಡಿ. ಅಲ್ಲೀವರೆಗೂ ಯಾರೂ ಮುಟ್ಟದ ಹಾಗೆ ನೀವು ಇಲ್ಲೇ ಕಾವಲಿರಿ."