ವೃತ್ತದೊಳಗಿನ ಹೈಸ್ಕೂಲು

ನಗರದ ಯಾವ ಮಗುವಿಗೂ ಸರಕಾರಿ ಹೈಸ್ಕೂಲು ದೂರವಿಲ್ಲ ಎಂದು ಶಿಕ್ಷಣ ಕಚೇರಿಯ ನಕ್ಷೆಗಾರ ಸಾಧಿಸಿ ತೋರಿಸಿದ್ದ. ವಿಧಾನ ಸರಳ. ನಕ್ಷೆಯಲ್ಲಿ ಪ್ರತಿ ಶಾಲೆಯ ಮೇಲೆ ಕೈವಾರದ ಮುಳ್ಳು ಊರಿ ವೃತ್ತ ಎಳೆಯುವುದು. ಅದರೊಳಗಿನ ಮನೆಗಳ ಮಕ್ಕಳಿಗೆ ಅದೇ ಶಾಲೆ. ಬೀದಿಯವರು ಅವನಿಗೆ ಕೈವಾರಪ್ಪ ಎಂದೇ ಹೆಸರಿಟ್ಟಿದ್ದರು.

ಆ ಬೆಳಿಗ್ಗೆ ಅವನ ಮಗಳಿಗೇ ಹೈಸ್ಕೂಲಿನ ಮೊದಲ ದಿನ. ಕಚೇರಿ ಕೊಟ್ಟಿದ್ದ ಮನೆಯ ಮಹಡಿಯಿಂದ, ರೈಲುಹಳಿಯ ಆಚೆ, ಶಾಲೆ ಕಾಣುತ್ತಿತ್ತು.

"ನೋಡು, ಇಲ್ಲಿಂದಲೇ ಕೂಗಿದ್ರೆ ಮೇಷ್ಟ್ರು ಹಾಜರಿ ಹಾಕ್ಕೋತಾರೆ."

"ಕೂಗಬಹುದಪ್ಪ. ಹೋಗೋದು ಹೇಗೆ?"

ಹಳಿಯ ಉದ್ದಕ್ಕೂ ಗೋಡೆ. ಎಲ್ಲೂ ಬಾಗಿಲಿಲ್ಲ. ನಕ್ಷೆಯಲ್ಲಿ ಈ ಗೋಡೆ ಇರಲಿಲ್ಲ. ಕೈವಾರಪ್ಪ ಕೆಳಗಿಳಿದು ಹೋಗಿ ಅದನ್ನು ಮುಟ್ಟಿ, ದೆವ್ವ ಸೋಕಿದವನಂತೆ ಕೈ ಹಿಂತೆಗೆದ.

ಎದುರುಮನೆಯ ದರ್ಜಿ ಮಿಷನ್ ಬಿಟ್ಟು ಎದ್ದ. "ನಮ್ಮ ಹುಡುಗ ಹೋದ ವರ್ಷದಿಂದ ಸುತ್ತಾಕ್ಕೊಂಡೇ ಹೋಗ್ತಿದಾನೆ. ಬನ್ನಿ, ದಾರಿ ತೋರಿಸ್ತೀನಿ."

ಪಕ್ಕದ ಮನೆ ಅಜ್ಜಿಯೂ ಚಪ್ಪಲಿ ಮೆಟ್ಟಿದರು. "ಇದನ್ನ ನೋಡದೆ ಹೇಗಿರ್ಲಿ."

ಮಾರುಕಟ್ಟೆ, ಬಸ್ ಡಿಪೊ, ಮೇಲ್ಸೇತುವೆ, ಆಮೇಲೆ ಹಳಿಯ ಆ ಬದಿಯಲ್ಲಿ ಅಷ್ಟೇ ದೂರ ವಾಪಸ್ಸು. ಸೇತುವೆಯ ಮೇಲೆ ಸುಧಾರಿಸಿಕೊಳ್ಳುತ್ತ ಅಜ್ಜಿ ಕೇಳಿದರು: "ವೃತ್ತ ಎಳೆಯೋವಾಗ ನಿನಗೆ ಕಾಲು ನೋಯಲಿಲ್ವಾ ಮಗಾ?"

ಶಾಲೆ ಮುಟ್ಟುವಾಗ ಊಟದ ಗಂಟೆ ಹೊಡೆಯಿತು.

ಅಲ್ಲಿಂದ ನೇರ ಶಿಕ್ಷಣ ಕಚೇರಿಗೆ ಹೋಗಿ, ಕೈವಾರಪ್ಪ ಬೆವರು ಒರೆಸದೆಯೇ ಸಾಹೇಬರ ಕೊಠಡಿಗೆ ನುಗ್ಗಿದ. ಹಿಂದೆ ಮಗಳು, ದರ್ಜಿ, ಅಜ್ಜಿ. "ಸಾರ್, ಹಳಿಯ ಈಚೆಗೆ, ನಮ್ಮ ಬಡಾವಣೆಗೆ, ಇನ್ನೊಂದು ಹೈಸ್ಕೂಲು ಬೇಕೇಬೇಕು. ನಾನೇ ನಡೆದು ನೋಡಿದೆ."

ಸಾಹೇಬರು ದಂಗಾದರು. ನಡೆದು ನೋಡಿದ ನಕ್ಷೆಗಾರನನ್ನು ಅವರು ಈವರೆಗೆ ಕಂಡಿರಲಿಲ್ಲ. "ಜಾಗ ಗುರುತಿಸಿ. ಸರಕಾರಿ ಕಟ್ಟಡವೇ ಸಿಕ್ಕರೆ ಈ ವಾರವೇ ಶುರು ಮಾಡೋಣ."

ಯಾರಿಗೂ ಅನ್ಯಾಯವಾಗಬಾರದೆಂದು ಕೈವಾರಪ್ಪ ನಕ್ಷೆ ಹರಡಿ ಬಡಾವಣೆಯ ನಟ್ಟನಡುವೆ ಮುಳ್ಳು ಊರಿದ.

ದರ್ಜಿ ಬಗ್ಗಿ ನೋಡಿದ. "ಅಣ್ಣಾ, ಮುಳ್ಳು ನಿಮ್ಮ ಅಡುಗೆಮನೆಗೇ ಚುಚ್ಚಿದೆ."

"ಒಳ್ಳೇದೇ ಆಯ್ತು," ಎಂದರು ಸಾಹೇಬರು. "ಅದು ನಮ್ಮ ಕಚೇರಿಯದೇ ಮನೆ. ನಾಳೆ ಖಾಲಿ ಮಾಡಿ. ನಿಮಗೆ ಬೇರೆ ಮನೆ ಇದೆ, ಹಳಿಯಾಚೆ, ಹಳೇ ಹೈಸ್ಕೂಲಿನ ಕಾಂಪೌಂಡಿಗೆ ಅಂಟಿಕೊಂಡೇ."

ಕೈವಾರಪ್ಪನಿಗೆ ಅರ್ಧ ಜೀವ ಬಂತು. "ಹಾಗಾದ್ರೆ ಮಗಳು ಹಳೇ ಶಾಲೆಗೇ ಹೋಗ್ಲಿ ಸಾರ್."

"ಅದು ಹೇಗಾಗುತ್ತೆ? ನಕ್ಷೆಗಾರನ ಮಗಳೇ ಸೇರದಿದ್ರೆ ಹೊಸ ಶಾಲೆಗೆ ಇನ್ಯಾರು ಸೇರ್ತಾರೆ?" ಸಾಹೇಬರು ಅವನ ಕೈಯಿಂದ ಕೈವಾರ ತೆಗೆದುಕೊಂಡು ತಾವೇ ವೃತ್ತ ಪೂರ್ತಿ ಮಾಡಿದರು. "ದೂರವೇನಿಲ್ಲ. ನೋಡಿ, ನಿಮ್ಮ ಹೊಸ ಮನೆ ಒಳಗೇ ಬಂತು."

ಮಗಳು ಅಪ್ಪನ ಅಂಗಿ ಜಗ್ಗಿದಳು.

"ಅಪ್ಪ, ಹಾಜರಿ ಕೂಗೋಕೆ ಆ ಮನೆಗೂ ಮಹಡಿ ಇದೆಯಾ?"