ಮಂಜಿನಲ್ಲಿ ಸಿಕ್ಕ ಅತ್ತೆ

ವಿಮಾನ ನಿಲ್ದಾಣದ ತೂಕದ ಯಂತ್ರ ಕೆಂಪು ದೀಪ ಹೊತ್ತಿಸಿಕೊಂಡು ಕಿರುಚದೇ ಇದ್ದಿದ್ದರೆ ಇದ್ಯಾವುದೂ ಆಗುತ್ತಲೇ ಇರಲಿಲ್ಲ. ಪೆಟ್ಟಿಗೆ ಭಾರವಾಯಿತು, ಏನಾದರೂ ತೆಗೆಯಿರಿ ಎಂದಳು ಕೌಂಟರಿನ ಹುಡುಗಿ. ಒಳಗೆ ತೆಗೆಯುವಂಥವು ಇದ್ದದ್ದು ಎರಡೇ: ಅಳಿಯನ ಕ್ಯಾಮೆರಾ ಸ್ಟ್ಯಾಂಡು, ಅತ್ತೆಯ ರಜಾಯಿ. ಅಳಿಯ ಅತ್ತಿತ್ತ ನೋಡಿದ. ಅತ್ತೆ ನೀರು ಕುಡಿಯಲು ಹೋಗಿದ್ದರು. ರಜಾಯಿ ಸದ್ದಿಲ್ಲದೆ ಹೊರಬಂದು, ಬೀಳ್ಕೊಡಲು ಬಂದಿದ್ದ ಷಡ್ಡಕನ ಕಂಕುಳು ಸೇರಿತು.

ಅಷ್ಟು ದೂರ ಹಾರಿ, ಆ ಚಳಿಯೂರಿನ ವಸತಿಗೃಹದ ಕೋಣೆಯಲ್ಲಿ ಪೆಟ್ಟಿಗೆ ತೆರೆದಾಗ ಅತ್ತೆ ರಜಾಯಿಗೆಂದು ಕೈ ಹಾಕಿದರು. ಕೈಗೆ ಮೂರು ಲೋಹದ ಕಾಲು ಸಿಕ್ಕವು. ಅಳಿಯನನ್ನೊಮ್ಮೆ ನೋಡಿದರು. ಬಾಯಿ ಮುಚ್ಚಿದರು. ಅಂದು ಮುಚ್ಚಿದ ಬಾಯಿ ಅಳಿಯನ ಪಾಲಿಗೆ ಮತ್ತೆ ತೆರೆಯಲಿಲ್ಲ. ಮಗಳ ಜೊತೆ ಮಾತು, ಮೊಮ್ಮಗಳ ಜೊತೆ ನಗು, ಕಿಟಕಿಯಂಚಿಗೆ ಬಂದು ಕೂತ ಪಾರಿವಾಳದ ಜೊತೆಗೂ ಕುಶಲೋಪರಿ. ಅಳಿಯ ಎದುರಿಗೆ ಬಂದರೆ ಮಾತ್ರ ನೀರು ನಿಂತ ನಲ್ಲಿ.

ಪ್ರವಾಸದ ಕೊನೆಯ ದಿನ ಬೆಳಿಗ್ಗೆ ಹೆಂಡತಿ ಬೂಟಿನ ದಾರ ಕಟ್ಟುತ್ತ ತೀರ್ಪು ಕೊಟ್ಟಳು.

"ನೋಡಿ, ನಾಳೆ ವಾಪಸ್ ಹೊರಡೋದು. ಅಮ್ಮ ಇಳಿದ ಕೂಡ್ಲೇ ತಮ್ಮನ ಮನೆಗೆ ಹೋಗ್ತಾರಂತೆ. ಇನ್ನು ನಮ್ಮನೆ ಹೊಸಲು ತುಳಿಯಲ್ವಂತೆ. ಹಾಗೇನಾದ್ರೂ ಆದ್ರೆ ನಾನೂ ಅವರ ಹಿಂದೇನೇ. ಇವತ್ತು ಕತ್ತಲಾಗೋದ್ರೊಳಗೆ ಅಮ್ಮ ಬಾಯಿ ಬಿಟ್ಟು ನಿಮ್ಮನ್ನ 'ಅಳಿಯಂದಿರೇ' ಅಂತ ಕರೀಬೇಕು. ಅಷ್ಟೇ."

"ಕಾಲು ಹಿಡ್ಕೊಳ್ಲಾ?"

"ಏನಾದ್ರೂ ಹಿಡ್ಕೊಳ್ಳಿ. ಹಿಡಿದದ್ದನ್ನ ಬಿಡಬೇಡಿ ಮಾತ್ರ. ಹೊರಗೆ ಮಂಜು."

ಮಂಜು ಎಂದರೆ ಅಂತಿಂಥ ಮಂಜಲ್ಲ. ಅಜ್ಜಿ ಹೇಳುವ ಕತೆಗಳಲ್ಲಿ ಒಂದು ಊರು ಇರುತ್ತದಲ್ಲ, ಬೀದಿಗಳು ತಾವಾಗಿಯೇ ಜಾಗ ಬದಲಿಸುತ್ತವೆ, ನಡೆದವನ ಹೆಜ್ಜೆ ಅವನಿಗಿಂತ ಮೊದಲೇ ಮನೆ ಸೇರುತ್ತದೆ, ಆ ಊರನ್ನು ಯಾರೋ ಹಾಲಿನಲ್ಲಿ ಅದ್ದಿ ಇಟ್ಟಂತಿತ್ತು. ದೀಪದ ಕಂಬಗಳು ಕುತ್ತಿಗೆಯವರೆಗೆ ಇದ್ದವು, ತಲೆ ಇರಲಿಲ್ಲ. ಸೇತುವೆ ಅರ್ಧದವರೆಗೆ ಹೋಗಿ ಮನಸ್ಸು ಬದಲಿಸಿತ್ತು. ಜನ ಬೂದುಬಣ್ಣದ ಉದ್ದ ಕೋಟು ತೊಟ್ಟು, ಮೂಗಿನವರೆಗೆ ಮಫ್ಲರು ಸುತ್ತಿಕೊಂಡು, ಮಂಜಿನಿಂದ ಹೊರಬಂದು ಮಂಜಿಗೇ ಹೋಗುತ್ತಿದ್ದರು. ಪರದೇಶಿಗಳಂತೆ ಕಾಣಬಾರದೆಂದು ಹೆಂಡತಿಯೂ ಸ್ಟೇಷನ್ನಿನ ಪಕ್ಕದ ಅಂಗಡಿಯಲ್ಲಿ ಮನೆಮಂದಿಗೆಲ್ಲ ಅಂಥದೇ ಮಫ್ಲರು, ಅದೇ ಬೂದು ಕೋಟು ಕೊಡಿಸಿದ್ದಳು. ಅಳಿಯ ಮಾತ್ರ ಅದರ ಮೇಲೆ ಊರಿನಿಂದ ತಂದ ಕಪ್ಪು ಮಂಕಿ ಕ್ಯಾಪು ಏರಿಸಿದ್ದ. ಎರಡು ಕಣ್ಣು, ಒಂದು ಕನ್ನಡಕ, ಉಳಿದದ್ದೆಲ್ಲ ಕತ್ತಲೆ.

ಹೆಂಡತಿ, ಮಗಳು ಮುಂದೆ. ಅತ್ತೆ ನಡುವೆ. ಅಳಿಯ ಹಿಂದೆ. ಅಡ್ಡರಸ್ತೆಯಲ್ಲಿ ಟ್ರಾಮೊಂದು ಗಂಟೆ ಬಾರಿಸುತ್ತ ಹಾದುಹೋಯಿತು. ಅದು ಹೋದ ಮೇಲೆ ಮುಂದಿನವರಿಬ್ಬರೂ ಕಾಣಲಿಲ್ಲ. ಕರೆಯೋಣವೆಂದರೆ ಆ ದೇಶದಲ್ಲಿ ನಡೆಯುವ ಫೋನು ಒಂದೇ, ಅದು ಮಗಳ ಕೈಯಲ್ಲಿ. ಪುಣ್ಯಕ್ಕೆ ಅತ್ತೆ ಅಲ್ಲೇ ನಿಂತಿದ್ದರು, ಕೈಚೀಲ ಎದೆಗವಚಿಕೊಂಡು. ಅಳಿಯ ಓಡಿಹೋಗಿ ತೋಳು ಹಿಡಿದ. ಅತ್ತೆ ಬೆಚ್ಚಿದರು.

"ಹೆದರ್ಬೇಡಿ ಅತ್ತೆ, ನಾನೇ. ಚೀಲ ಕೊಡಿ ಇಲ್ಲಿ."

ಅತ್ತೆ ಅವನನ್ನು ನೋಡಿದರು. ಆಮೇಲೆ ಅವನ ತಲೆಯ ಮೇಲೆ, ಹಿಂದೆಲ್ಲೋ ನೋಡಿದರು. ಉಸಿರೊಂದನ್ನು ಎಳೆದು ಬಿಟ್ಟು, ಚೀಲ ಕೊಟ್ಟರು. ಕೊಟ್ಟರು! ಇಷ್ಟು ದಿನ ಅವನ ಕೈಯಿಂದ ನೀರಿನ ಲೋಟವನ್ನೂ ಮುಟ್ಟದವರು.

ಕಬ್ಬಿಣ ಕಾದಿದೆ ಅನ್ನಿಸಿತು ಅಳಿಯನಿಗೆ. ನಡೆಯುತ್ತಲೇ ಶುರುಮಾಡಿದ. "ತಪ್ಪಾಯ್ತು ಅತ್ತೆ. ರಜಾಯಿ ತೆಗೆದದ್ದು ನಾನೇ. ನಮ್ಮ ಸ್ಟುಡಿಯೋ ಕಿಟಕೀಲಿಟ್ಟಿರೋ ಮನೆಮಂದಿ ಫೋಟೋದಲ್ಲಿ ನಿಮ್ಮನ್ನ ಅರ್ಧಕ್ಕೆ ಕತ್ತರಿಸಿದ್ದೂ ನಾನೇ. ಚೌಕಟ್ಟು ಸಾಲಲಿಲ್ಲ ಅಂದಿದ್ನಲ್ಲ, ಚೌಕಟ್ಟು ಸಾಲ್ತಿತ್ತು." ಕೈಮುಗಿದ. ಕನ್ನಡಕದೊಳಗೆ ನಿಜವಾಗಿಯೂ ನೀರು ಬಂತು, ಚಳಿಗೋ ಪಶ್ಚಾತ್ತಾಪಕ್ಕೋ.

ಅತ್ತೆ ತಲೆದೂಗಿದರು. ಆದರೆ ಮಾತಿಲ್ಲ.

ಬೇಕರಿಯೊಂದರ ಮುಂದೆ ಅತ್ತೆ ನಿಂತು, ಅಪ್ಪಣೆ ಕೇಳುವವರಂತೆ ಹುಬ್ಬೇರಿಸಿದರು. "ಬನ್ನಿ ಬನ್ನಿ, ಅದಕ್ಕೇನು," ಎಂದ ಅಳಿಯ. ಒಳಗಿನ ಬಿಸಿಗೆ ಅವನ ಕನ್ನಡಕ ಪೂರ್ತಿ ಮಸುಕಾಯಿತು, ಒರೆಸಿದಷ್ಟೂ ಮಸುಕು. ಆ ಮಸುಕಿನಲ್ಲಿ ಅವನು ಕಂಡದ್ದು ಇದು: ಬೇಕರಿಯ ಹೆಂಗಸು ಅತ್ತೆಯನ್ನು ತಬ್ಬಿಕೊಂಡಳು. ಅತ್ತೆ ಅವಳ ಕಿವಿಯಲ್ಲಿ ಏನೋ ಅಂದರು. ಅವಳು ಮುಸುಮುಸು ಅಳತೊಡಗಿದಳು. ಅತ್ತೆ ಅವಳ ಬೆನ್ನು ಸವರುತ್ತ ಇನ್ನೂ ಏನೇನೋ ಹೇಳಿದರು. ಆ ಊರಿನ ಭಾಷೆಯಲ್ಲಿ. ನೀರು ಕುಡಿದಷ್ಟು ಸಲೀಸಾಗಿ.

ಅಳಿಯ ದಂಗಾದ. ತನ್ನೊಬ್ಬನ ಜೊತೆ ಮಾತಾಡಬಾರದೆಂದು ಅತ್ತೆ ಹೊಸ ಭಾಷೆಯನ್ನೇ ಕಲಿತುಬಿಟ್ಟರೇ? ಹಟ ಎಂದರೆ ಹಟ!

ಬೇಕರಿಯವಳು ಕಣ್ಣೊರೆಸಿಕೊಂಡು, ಬಿಸಿ ಬಿಸಿ ಏನನ್ನೋ ತಂದು ಮೇಜಿನ ಮೇಲಿಟ್ಟಳು. ಮೂರು ಬಟ್ಟಲು. ಇಬ್ಬರಿಗೆ ಮೂರು ಯಾಕೆ? ಇರಲಿ, ಧಾರಾಳ ಜನ ಎಂದುಕೊಂಡ ಅಳಿಯ, ತನ್ನದನ್ನು ಕುಡಿದು ಯಾರೂ ಮುಟ್ಟದ ಮೂರನೆಯದಕ್ಕೂ ಕೈಹಾಕಿದ. ಬೇಕರಿಯವಳು ಸತ್ತೇ ಹೋದವಳಂತೆ ಬಿಳಿಚಿಕೊಂಡಳು. ಅತ್ತೆ ಅವನ ಕೈಮೇಲೆ ಪಟ್ಟೆಂದು ಹೊಡೆದರು.

ಅಲ್ಲಿಂದ ಅತ್ತೆ ಮುಂದೆ, ಅವನು ಹಿಂದೆ. ಅದೇ ಅವನಿಗೆ ಭಯ ಹುಟ್ಟಿಸಿದ್ದು. ನಕಾಶೆ ಹಿಡಿದ ಮೊಮ್ಮಗಳೇ ದಾರಿ ತಪ್ಪುವ ಊರಿನಲ್ಲಿ ಅತ್ತೆ ಕಣ್ಣು ಕಟ್ಟಿದರೂ ನಡೆಯುವವರ ಹಾಗೆ ಗಲ್ಲಿಯಿಂದ ಗಲ್ಲಿಗೆ ತಿರುಗುತ್ತಿದ್ದರು. ಒಂದು ಮನೆಯ ಮೆಟ್ಟಿಲೇರಿ, ಬೀಗದ ಕೈಗೊಂಚಲನ್ನು ಹರೆಯದ ಹೆಂಗಸೊಬ್ಬಳಿಗೆ ಕೊಟ್ಟರು. ಒಳಗಿನಿಂದ ಬಂದ ದಪ್ಪ ಬೆಕ್ಕನ್ನು ಎತ್ತಿ ಮುದ್ದಿಸಿ ಅದನ್ನೂ ಅವಳ ತೋಳಿಗೆ ಹಾಕಿದರು. ಬೆಕ್ಕು ಅಳಿಯನ ಭುಜದಾಚೆ ದಿಟ್ಟಿಸಿ, ಬಾಲವನ್ನು ಬಾಟಲಿ ತೊಳೆಯುವ ಬ್ರಷ್ಷಿನಂತೆ ಮಾಡಿಕೊಂಡಿತು.

ಅಳಿಯ ತಿರುಗಿ ನೋಡಿದ. ಯಾರೂ ಇರಲಿಲ್ಲ. ಮಂಜು ಮಾತ್ರ, ಅದೂ ಸ್ವಲ್ಪ ದಪ್ಪಗೆ.

ಆಗ ಅವನಿಗೆ ವಿಷಯ ಹೊಳೆಯಿತು, ಬೆನ್ನುಹುರಿಯಲ್ಲಿ. ಅತ್ತೆ ಅತ್ತೆಯಾಗಿ ಉಳಿದಿಲ್ಲ. ಈ ಊರಿನ ಯಾವುದೋ ಹಳೆಯ ಜೀವ ರಜಾಯಿಯಿಲ್ಲದೆ ನಡುಗುತ್ತಿದ್ದ ಮುದುಕಿಯನ್ನು ಕಂಡು, ಸಂದಿ ಸಿಕ್ಕಿತೆಂದು ಮೈಯೊಳಗೆ ಹೊಕ್ಕಿದೆ. ಇದನ್ನು ಹೆಂಡತಿಗೆ ಹೇಳುವುದು ಹೇಗೆ? 'ನಿಮ್ಮಮ್ಮ ಮಾತಾಡಿದ್ರು ಕಣೇ, ಆದ್ರೆ ಅದು ನಿಮ್ಮಮ್ಮ ಅಲ್ಲ' ಅನ್ನುವುದೇ?

"ಅತ್ತೆ," ಎಂದ ಮೆಲ್ಲಗೆ, "ನೀವು ಒಳಗಿದ್ರೆ ಒಂದ್ಸಲ ಕೆಮ್ಮಿ."

ಅತ್ತೆ ಕೆಮ್ಮಿದರು. ಬಹಳ ಹೊತ್ತು ಕೆಮ್ಮಿದರು. ಸಮಾಧಾನವಾಗಬೇಕಾದದ್ದು, ಆಗಲಿಲ್ಲ.

ಊರಂಚಿಗೆ ಬರುವಷ್ಟರಲ್ಲಿ ಹಗಲು ಆಗಲೇ ಸೋತಿತ್ತು. ಕಬ್ಬಿಣದ ಗೇಟು, ಒಳಗೆ ಸಾಲು ಸಾಲು ಕಲ್ಲು. ಸ್ಮಶಾನ ಎಂದು ಗೊತ್ತಾಗಲು ಭಾಷೆ ಬೇಕಿರಲಿಲ್ಲ. ಅತ್ತೆ ಒಂದು ಕಲ್ಲಿನ ಮೇಲಿನ ಹಿಮವನ್ನು ಕೈಯಿಂದ ಒರೆಸಿದರು. ಅದರ ಪಕ್ಕದ ಖಾಲಿ ನೆಲವನ್ನು, ಹಾಸಿಗೆ ತಟ್ಟುವಂತೆ ತಟ್ಟಿದರು. ತಲೆಯೆತ್ತಿ, ಮತ್ತೆ ಅವನ ತಲೆಯಾಚೆ ನೋಡಿ, ಇದು ಸರಿಯೇ ಎಂಬಂತೆ ಹುಬ್ಬೇರಿಸಿದರು.

"ಚೆನ್ನಾಗಿದೆ ಅತ್ತೆ," ಎಂದ ಅಳಿಯ. ಅವನ ಹಲ್ಲುಗಳು ಆ ಮಾತನ್ನು ತುಂಡು ತುಂಡಾಗಿ ಹೊರಗೆ ಕಳಿಸಿದವು. "ಆದ್ರೆ ಈಗ ರೂಮಿಗೆ ಹೋಗೋಣ. ದಮ್ಮಯ್ಯ."

ಅತ್ತೆ ಕಲ್ಲುಬೆಂಚಿನ ಮೇಲೆ ಕೂತು, ಪಕ್ಕಕ್ಕೆ ಸರಿದು, ಅವನಿಗಲ್ಲದೆ ಇನ್ನೊಬ್ಬರಿಗೂ ಸಾಲುವಷ್ಟು ಜಾಗ ಬಿಟ್ಟರು. ತುಸು ಹೊತ್ತು ಕಣ್ಣು ಮುಚ್ಚಿದರು. ಆಮೇಲೆ ಎದ್ದು, ಉಣ್ಣೆಯ ಗವಸಿನ ಕೈಯನ್ನು ಮುಂದೆ ಚಾಚಿದರು, ಇನ್ನು ನೀವು ಕರೆದಲ್ಲಿಗೆ ಎಂಬಂತೆ. ಅಳಿಯ ಆ ಕೈ ಹಿಡಿದು, ಟ್ರಾಮಿನ ಹಳಿಯ ಗುರುತು ಹಿಡಿದು, ವಸತಿಗೃಹದ ಮೆಟ್ಟಿಲವರೆಗೆ ಹೆಚ್ಚುಕಡಿಮೆ ಓಡಿಸಿಕೊಂಡೇ ಬಂದ.

ಕೋಣೆಯ ಬಾಗಿಲು ಬಡಿದ.

ಬಾಗಿಲು ತೆರೆದದ್ದು ಅತ್ತೆ.

ಅಳಿಯ ಎದುರಿನ ಅತ್ತೆಯನ್ನು ನೋಡಿದ. ಕೈಯಲ್ಲಿದ್ದ ಅತ್ತೆಯನ್ನು ನೋಡಿದ. ಒಂದು ಸಣ್ಣ ಶಬ್ದ ಮಾಡಿದ, ಬೆಕ್ಕಿನ ಮರಿಯನ್ನು ಮೆಟ್ಟಿದಂತೆ.

"ರೀ, ಬೆಳಿಗ್ಗೆಯಿಂದ ಎಲ್ಲಿ ಸತ್ತಿದ್ರಿ?" ಒಳಗಿನಿಂದ ಹೆಂಡತಿ. "ಅಮ್ಮ ಚಳಿ ತಡೀಲಾರ್ದೆ ಟ್ರಾಮ್ ಹಾದುಹೋದಲ್ಲಿಂದ್ಲೇ ರೂಮಿಗೆ ತಿರುಗಿ ಬಂದ್ರು. ನಾವೂ ಹುಡುಕಿ ಹುಡುಕಿ ಬಂದ್ವಿ. ಪೊಲೀಸ್ರಿಗೆ ಹೇಳೋಣ ಅಂತ..." ಮಾತು ನಿಂತಿತು. "ಇವರ್ಯಾರು?"

ಬಂದವರು ಮಫ್ಲರು ಬಿಚ್ಚಿದರು. ಒಳಗಿದ್ದದ್ದು ಯಾರೂ ಎಂದೂ ನೋಡಿರದ, ಒಣಹಣ್ಣಿನಂಥ ಪುಟ್ಟ ಮುಖದ ಪರದೇಶದ ಅಜ್ಜಿ. ಅಜ್ಜಿ ಕೋಣೆಯನ್ನೆಲ್ಲ ಒಮ್ಮೆ ನೋಡಿ, ಏನೋ ಹೇಳಿದರು. ಮಗಳು ಫೋನು ಚಾಚಿದಳು. ಅದರೊಳಗಿನ ಹೆಂಗಸು ವಾರ್ತೆ ಓದುವ ದನಿಯಲ್ಲಿ ಕನ್ನಡಕ್ಕೆ ತಂದಳು:

"ಕರೆದೊಯ್ಯುವವರ ಮನೆ ಇಷ್ಟು ಬೆಚ್ಚಗಿರುತ್ತದೆ ಎಂದು ನಾನು ಭಾವಿಸಿರಲಿಲ್ಲ."

"ಯಾರ ಮನೆ?" ಎಂದಳು ಹೆಂಡತಿ.

"ಈ ಚಳಿಗಾಲ ದಾಟುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಇವತ್ತು ಮಂಜಿನಲ್ಲಿ ಇವರು ಬಂದರು. ನನಗೆ ಅರ್ಥವಾಯಿತು. ಎಲ್ಲರಿಗೂ ವಿದಾಯ ಹೇಳಲು ಸಮಯ ಕೊಟ್ಟರು. ಬಹಳ ಸಭ್ಯರು. ಇವರ ಆಳು ಮಾತ್ರ ವಿಪರೀತ ಮಾತಾಡುತ್ತಾನೆ." ಅಜ್ಜಿಯ ಬೆರಳು ಅಳಿಯನನ್ನು ತೋರಿಸುತ್ತಿತ್ತು. "ಯಜಮಾನರ ಬಟ್ಟಲಿಗೂ ಕೈ ಹಾಕುತ್ತಾನೆ."

ಹೆಂಡತಿ ಮಂಚದ ಮೇಲೆ ಬಿದ್ದು ಬಿದ್ದು ನಕ್ಕಳು. "ಅಯ್ಯೋ ಅಜ್ಜೀ! ಮಂಕಿ ಕ್ಯಾಪ್ ನೋಡಿ ಯಮನ ಕಡೆಯವ್ರು ಅಂದ್ಕೊಂಡ್ರಾ?"

"ಅಮ್ಮಾ," ಎಂದಳು ಮಗಳು ನಿಧಾನಕ್ಕೆ. "ಅಪ್ಪ ಆಳು ಅಂತಾದ್ರೆ, ಆ ಯಜಮಾನರು ಯಾರು?"

ನಗು ಅರ್ಧದಲ್ಲೇ ಆರಿತು.

ಅಳಿಯ ಫೋನು ಕಿತ್ತುಕೊಂಡು ಗಡಿಬಿಡಿಯಿಂದ ಒದರಿದ. "ನಾನು ಯಾರ ಆಳೂ ಅಲ್ಲ! ಫೋಟೋ ಸ್ಟುಡಿಯೋದವನು. ನೀವು ನಮ್ಮತ್ತೆ ಅಂದ್ಕೊಂಡೆ. ನನ್ನ ಜೊತೆ ಯಾರೂ ಇರ್ಲಿಲ್ಲ, ನಾನೊಬ್ಬನೇ!"

ಫೋನಿನ ಹೆಂಗಸು ಅದನ್ನು ಆ ಭಾಷೆಗೆ ತಂದಳು. ಅಜ್ಜಿ ಕೇಳಿದರು. ಅವನ ತಲೆಯಾಚೆ ನೋಡಿದರು, ಮತ್ತೆ ಅವನನ್ನು ನೋಡಿದರು. ನೋಡನೋಡುತ್ತ ಮುಖಕ್ಕೆ ಬಣ್ಣ ಬಂತು. ಸರಸರ ಮಫ್ಲರು ಸುತ್ತಿಕೊಂಡು, ಚೀಲ ಕಸಿದುಕೊಂಡರು.

"ಹಾಗಾದರೆ ಆ ಎತ್ತರದವರು ಬಂದದ್ದು ನಿಮ್ಮ ಹಿಂದೆ. ನನಗಾಗಿ ಅಲ್ಲ. ಬಹಳ ಸಂತೋಷ. ನಾನು ಹೋಗಿ ನನ್ನ ಬೆಕ್ಕನ್ನು ವಾಪಸ್ ಕೇಳುತ್ತೇನೆ."

ಅಳಿಯ ಹಿಂದೆ ಹಿಂದೆ ಸರಿದ. ಕಿಟಕಿಯ ಪಕ್ಕದ ಖಾಲಿ ಕುರ್ಚಿಯಲ್ಲಿ ಕುಸಿದು ಕೂತ. ಹೊಸಲು ದಾಟುತ್ತಿದ್ದ ಅಜ್ಜಿ ತಿರುಗಿ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು, ಚಿಕ್ಕದಾಗಿ ಏನೋ ಅಂದು, ಎಳೆಹುಡುಗಿಯಂತೆ ದಡದಡ ಮೆಟ್ಟಿಲಿಳಿದುಹೋದರು.

ಫೋನಿನ ಹೆಂಗಸು ತಡವಾಗಿ, ಅದೇ ತಣ್ಣನೆಯ ದನಿಯಲ್ಲಿ ಹೇಳಿದಳು: "ಅವರು ಆಗಲೇ ಅಲ್ಲಿ ಕೂತಿದ್ದರು. ನೀವು ಅವರ ತೊಡೆಯ ಮೇಲೆ ಕೂತಿದ್ದೀರಿ."

ಅಳಿಯನಿಗೆ ಕೆಳಗಿನಿಂದ ಒಂದು ಚಳಿ ಹತ್ತಿ ಬಂತು, ಬೀದಿಯ ಚಳಿಯಲ್ಲ ಅದು. ಕುರ್ಚಿಯ ಕೈಗಳನ್ನು ಹಿಡಿದು ನೆಗೆದೇಳಬೇಕು, ಅಷ್ಟರಲ್ಲಿ,

"ಅಳಿಯಂದಿರೇ."

ಅತ್ತೆಯ ದನಿ! ಬೆಣ್ಣೆಯಂಥ ದನಿ. ಇಷ್ಟು ದಿನ ಅವನು ಕಾದು ಕೂತಿದ್ದ ದನಿ.

"ಅತ್ತೆ..." ಎಂದ, ಕಣ್ತುಂಬಿ.

"ಏಳ್ಬೇಡಿ ಅಳಿಯಂದಿರೇ. ನೀವೆದ್ರೆ ಅವ್ರೂ ಏಳ್ತಾರೆ. ನಾವು ಪೆಟ್ಟಿಗೆ ತುಂಬ್ಕೊಂಡು ಟ್ಯಾಕ್ಸಿ ಹತ್ತೋವರೆಗೆ ಹಾಗೇ ಭಾರ ಬಿಟ್ಟು ಕೂತಿರಿ. ನಿಮಗೆ ಪುಣ್ಯ ಬರತ್ತೆ."

ಆಗಲೇ ಮಗಳು ಬಟ್ಟೆಗಳನ್ನು ಪೆಟ್ಟಿಗೆಗೆ ತುರುಕುತ್ತಿದ್ದಳು. ಹೆಂಡತಿ ಬಾಗಿಲಲ್ಲಿ ನಿಂತು, ಸೆರಗಿನಿಂದ ಕಣ್ಣೊರೆಸಿಕೊಂಡಳು.

"ರೀ, ಅಮ್ಮನ ಕೋಪ ಇಳೀತಲ್ಲ, ನಂಗಷ್ಟೇ ಸಾಕು. ನಾವು ವಿಮಾನ ನಿಲ್ದಾಣದಲ್ಲಿ ಕಾಯ್ತಿರ್ತೀವಿ. ಆಮೇಲೆ ನಿಧಾನವಾಗಿ ಬನ್ನಿ." ಸ್ವಲ್ಪ ತಡೆದು ಸೇರಿಸಿದಳು, "ಒಬ್ಬರೇ ಬನ್ನಿ."

ಬಾಗಿಲು ಮುಚ್ಚಿತು. ಪೆಟ್ಟಿಗೆಯ ಚಕ್ರಗಳು ಮೆಟ್ಟಿಲ ಮೇಲೆ ಟಕಟಕನೆ ಇಳಿದುಹೋದವು. ಅಳಿಯ ಕದಲದೆ ಕೂತ. ಅವನ ಕೆಳಗೆ ಕುರ್ಚಿ, ಮಗುವನ್ನು ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಬದಲಿಸಿ ಕೂರಿಸಿಕೊಂಡಂತೆ, ಹಿತವಾಗಿ ಕಿರುಗುಟ್ಟಿತು.